ಕಡೆಯ ಟ್ರೇ ಮತ್ತು ಸುಳಕೂಡದ ಬಸ್ಸು

ಕೋವಿಡ್ ಮುಗಿದ ಮರುವರ್ಷ ನಾನು ಗಡಿಯಾಚೆಯ ಗೋಕುಳ ಶಿರಗಾಂವದ ಒಂದು ಸಣ್ಣ ಡಯೋಡ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್ ಆಗಿದ್ದೆ. ನಮ್ಮ ಡಯೋಡುಗಳು ಇಚಲಕರಂಜಿಯ ಮಗ್ಗಗಳ ಕಂಟ್ರೋಲ್ ಪೆಟ್ಟಿಗೆಗಳಿಗೆ ಹೋಗುತ್ತಿದ್ದವು. ಆ ಬೇಸಿಗೆಯಲ್ಲಿ ಅವು ವಾಪಸು ಬರತೊಡಗಿದವು. ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡಬೇಕು; ಇವು ಹಿಂದಕ್ಕೂ ಸೋರುತ್ತಿದ್ದವು.

ಭಟ್ಟಿ ನೋಡಿಕೊಳ್ಳುತ್ತಿದ್ದವರು ಸುಳಕೂಡದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಗಂಗವ್ವ. ಸಿಲಿಕಾನ್ ಬಿಲ್ಲೆ ಮತ್ತು ಲೋಹದ ತಟ್ಟೆಯ ನಡುವೆ ಅಲ್ಯುಮಿನಿಯಂ ಹಾಳೆಯಿಟ್ಟು ಸುಮಾರು ಏಳುನೂರು ಡಿಗ್ರಿಯಲ್ಲಿ ಬೆಸೆಯುವ ಅಲಾಯಿಂಗ್ ಅವರ ಕೆಲಸ. ಆಮೇಲೆ ಬಿಲ್ಲೆಗಳ ಟ್ರೇಯನ್ನು ಉದ್ದನೆಯ ಸರಳಿನಿಂದ ಸ್ವಲ್ಪಸ್ವಲ್ಪವೇ ಹೊರಗೆಳೆಯಬೇಕು. ನಲವತ್ತು ನಿಮಿಷ ಬೇಕು.

ಮಾಲೀಕರು ಗಡಹಿಂಗ್ಲಜದವರು, ಮಾತು ಬಿರುಸು. "ಸೋಮವಾರದಿಂದ ಗಂಗವ್ವನ್ನ ಪ್ಯಾಕಿಂಗಿಗೆ ಹಾಕ್ರಿ. ಕಣ್ಣು ಮಂದ ಆಗ್ಯಾವ ಆಕಿಗೆ."

"ಮಂದ ಆಗಿದ್ರ ನಿಮ್ಮ ತಲ್ಯಾಗಿನ ಬಿಳಿಕೂದ್ಲಾ ನನಗ ಹೆಂಗ ಕಾಣತಾವ್ರಿ, ಶೇಠ?" ಎಂದರು ಗಂಗವ್ವ. ಎಲ್ಲರೂ ನಕ್ಕೆವು. ಆದರೆ ಆ ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ. ಹದಿನಾಲ್ಕು ವರ್ಷ ನೋಡಿಕೊಂಡ ಭಟ್ಟಿ ಅದು.

ಕಾರಣ ಹುಡುಕಲು ನಾನು ಮಾಲೀಕರಿಂದ ಎರಡು ದಿನ ಕೇಳಿ ಪಡೆದೆ. ಕೆಟ್ಟ ಬಿಲ್ಲೆಗಳನ್ನು ಆಮ್ಲದಲ್ಲಿ ಅದ್ದಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಲುಸಾಲು ತ್ರಿಕೋನದ ಗುಳಿಗಳು. ಹರಳಿನೊಳಗೆ ಪರಮಾಣುಗಳ ಸಾಲು ಜಾರಿದಲ್ಲಿ ಹೀಗಾಗುತ್ತದೆ, ಡಿಸ್‌ಲೊಕೇಶನ್ ಎನ್ನುತ್ತೇವೆ. ಆರುವಾಗ ಲೋಹ ಸಿಲಿಕಾನ್‌ಗಿಂತ ಹೆಚ್ಚು ಕುಗ್ಗುತ್ತದೆ. ನಿಧಾನವಾಗಿ ಆರಿದರೆ ಎಳೆತ ಸಡಿಲಾಗುತ್ತದೆ, ಅವಸರವಾದರೆ ಹರಳೇ ಜಾರುತ್ತದೆ. ಬ್ಯಾಚ್ ನಂಬರು ನೋಡಿದರೆ ಕೆಟ್ಟವೆಲ್ಲ ದಿನದ ಕಡೆಯ ಟ್ರೇಯವು.

"ಕಡೇ ಟ್ರೇ ಲಗೂ ಎಳೀತೀರೇನು?" ಎಂದು ಗಂಗವ್ವನನ್ನು ಕೇಳಿದೆ.

"ಹೌದ್ರಿ. ಬಸ್ಸು ಈಗ ಐದೂವರಿಗೇ ಬರಾಕತ್ತೈತಲ್ಲ. ಸಾವಕಾಶ ಎಳಕೋತ ಕುಂತ್ರ ಅದು ನಿಂದರತೈತೇನ್ರಿ? ಕಾಲು ತಾಸಿನ್ಯಾಗ ಎಳೀರಿ ಅಂತ ನೀವ ಹೇಳಿದ್ರಲ್ಲ."

ನಾನು ಹೇಳಿಲ್ಲ ಎಂದೆ. ಹೇಳಿದ್ದು ಮಾಲೀಕರು ಎಂದೇ ನಂಬಿದ್ದೆ, ಅವರ ದನಿ ಕೂಡ ನನಗೆ ನೆನಪಿತ್ತು. ಮನೆಗೆ ಹೋಗಿ ದಿನಚರಿ ತೆರೆದೆ. ನನ್ನದೇ ಅಕ್ಷರ: 'ಸುಳಕೂಡದ ಬಸ್ಸಿನ ವೇಳೆ ಬದಲು. ಹೆಣ್ಣುಮಕ್ಕಳಿಗೆ ತೊಂದರೆ. ಕಡೆಯ ಟ್ರೇ ಬೇಗ ಎಳೆಯಲು ಹೇಳಿದೆ.' ಉಪಕಾರ ಮಾಡಿದ ಖುಷಿಯಲ್ಲಿ ಅಡಿಗೆರೆ ಬೇರೆ ಹಾಕಿದ್ದೆ. ಹಾಗಾದರೆ ನೆನಪಿನಲ್ಲಿದ್ದ ಆ ದನಿ ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.

ಮರುದಿನ ಆ ಪುಟವನ್ನು ಮಾಲೀಕರ ಮುಂದಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾದ್ರ ಪ್ಯಾಕಿಂಗಿಗೆ ನಿಮ್ಮನ್ನ ಹಾಕಬೇಕಲ್ರಿ!"

ಗಂಗವ್ವ ಭಟ್ಟಿಯಲ್ಲೇ ಉಳಿದರು. ಕಡೆಯ ಟ್ರೇಯನ್ನು ಒಳಗೇ ಬಿಟ್ಟು, ಭಟ್ಟಿ ಆರಿಸಿ, ಬೆಳಿಗ್ಗೆ ತೆಗೆಯುವುದೆಂದು ಗೊತ್ತುಮಾಡಿದೆವು. ಡಯೋಡುಗಳು ವಾಪಸು ಬರುವುದು ನಿಂತಿತು.

"ನಿಮ್ಮ ವಹಿಯೊಳಗ ಬರದಿತ್ತು, ನನ್ನ ಪುಣ್ಯಾ," ಎಂದರು ಗಂಗವ್ವ. "ಇಲ್ಲಂದ್ರ ನನ್ನ ಮಾತು ನಂಬತಿದ್ರೇನ್ರಿ, ಸರ?"

ನಂಬುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಅಂದಿನಿಂದ ದೂರು ಬಂದರೆ ಮೈಕ್ರೋಸ್ಕೋಪಿಗಿಂತ ಮೊದಲು ಕೆಲಸ ಮಾಡಿದವರ ಪಕ್ಕ ಹೋಗಿ ಕೂರುತ್ತೇನೆ.