ಎಡಗಣ್ಣು ಮುಚ್ಚಿ ಹೆಂಡತಿಯನ್ನು ನೋಡುವುದು

ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ ನಾನು ನನ್ನ ಹೆಂಡತಿಯನ್ನು ಕದ್ದು ನೋಡಲು ಶುರುಮಾಡಿದೆ. ಅದೂ ಎಡಗಣ್ಣು ಮುಚ್ಚಿಕೊಂಡು. ಗಿರಿಜೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರೆ ನಾನು ಬಾಗಿಲಲ್ಲಿ ನಿಂತು, ಅವಳ ಮೂಗುಬೊಟ್ಟು ಕಾಣುತ್ತಿದೆಯೇ, ಕಿವಿಯ ಹತ್ತಿರದ ನರೆಗೂದಲು ಕಾಣುತ್ತಿದೆಯೇ, ಎರಡೂ ಭುಜ ಕಾಣುತ್ತಿವೆಯೇ ಎಂದು ನೋಡುತ್ತಿದ್ದೆ. ಒಂದು ದಿನ ತಟಕ್ಕನೆ ತಿರುಗಿದಳು. "ಥೂ, ಈ ವಯಸ್ನಲ್ಲಿ ಕಣ್ಣು ಹೊಡೀತೀರಲ್ಲ, ಒಂದೀಟಾದ್ರೂ ನಾಚ್ಕೆ ಐತಾ ನಿಮ್ಗೆ? ಮದ್ವೆ ಆದ ಹೊಸದ್ರಲ್ಲಿ ತಲೆ ಎತ್ತಿ ನೋಡಿದ್ರೆ ಕೇಳಿ!" ಎಂದಳು. ನಾನು ನಕ್ಕೆ. ಆದರೆ ಆ ನಗು ತುಟಿಯಿಂದ ಕೆಳಗೆ ಇಳಿಯಲಿಲ್ಲ. ನನ್ನ ಬಲಗಣ್ಣಿನಲ್ಲಿ ಇವತ್ತಿಗೆ ಎಷ್ಟು ಉಳಿದಿದೆ ಎಂದು ನಾನು ಅವಳ ಮುಖದ ಮೇಲೆ ಅಳೆದುಕೊಳ್ಳುತ್ತಿದ್ದೆ.

ಇದೆಲ್ಲ ಶುರುವಾದದ್ದು ಅಟ್ಟದ ಮೇಲೆ. ನಾವು ಶೆಟ್ಟಿಕೆರೆ ಕಡೆಯ ತೆಂಗಿನವರು. ಕಾಯಿ ಕಿತ್ತ ಕೂಡಲೇ ಮಾರಿ ಕೈತೊಳೆದುಕೊಳ್ಳುವ ಜನ ಅಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತಿರ ಹತ್ತಿರ ವರ್ಷ ತುಂಬುವವರೆಗೆ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಆರಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಇಡೀ ಗುಂಡಾಗಿ ನಿಲ್ಲುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಗಿಟಕ್ ಗಿಟಕ್ ಎನ್ನುತ್ತದೆ. ಹೋದ ವರ್ಷ ಹಾಗೆ ಒಂದೊಂದೇ ಕಾಯಿ ಅಲ್ಲಾಡಿಸುತ್ತಾ, ಸದ್ದು ಕೇಳುತ್ತಾ, ಎಡಕ್ಕೆ ಒಂದು ಹೆಜ್ಜೆ ಸರಿದೆ. ಗಿರಿಜೆ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಳು. ಬೆನ್ನ ಮೇಲೆ ಬಿದ್ದೆ. ಎದ್ದು ಕತ್ತು ತಿರುಗಿಸಿದರೆ, ಏಣಿ ಇಳಿಯುವ ಅಟ್ಟದ ಬಾಯಿ ನನ್ನ ಕಾಲ ಪಕ್ಕದಲ್ಲೇ ಆ ಎಂದು ತೆರೆದುಕೊಂಡಿತ್ತು.

"ಕಣ್ಣು ಎಲ್ಲಿಟ್ಕಂಡಿದ್ರಿ?" ಎಂದಳು, ಹಿಡಿದ ಅಂಗಿ ಬಿಡದೆ. ಕಣ್ಣು ಮುಖದ ಮೇಲೇ ಇತ್ತು. ಕಾಣಿಸಲಿಲ್ಲ, ಅಷ್ಟೆ.

ತುಮಕೂರಿನ ಕಣ್ಣಿನ ಡಾಕ್ಟರಮ್ಮ ಬಟ್ಟಲಿನಂಥ ಒಂದು ಯಂತ್ರದೊಳಗೆ ನನ್ನ ಮುಖ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ನಾನು ಸುಮ್ಮನೆ ಕೂತೇ ಇದ್ದೆ. ಯಂತ್ರ ಕೆಟ್ಟಿದೆ ಎಂದುಕೊಂಡು, ಅವರಿಗೆ ಬೇಜಾರಾಗದಿರಲಿ ಅಂತ ಆಮೇಲೆ ಅಂದಾಜಿನ ಮೇಲೆ ಒಂದೆರಡು ಸಲ ಒತ್ತಿದೆ. ಯಂತ್ರ ಚೆನ್ನಾಗಿಯೇ ಇತ್ತು. ಗ್ಲಾಕೋಮಾ ಎಂದರು. ಕಣ್ಣೊಳಗಿನ ನೀರು ಹರಿದುಹೋಗುವ ಸಂದು ಕಟ್ಟಿಕೊಂಡು, ಒತ್ತಡ ಏರಿ, ನೋಟದ ನರವನ್ನು ಸದ್ದಿಲ್ಲದೆ ತಿನ್ನುತ್ತದಂತೆ. ಎಡಗಣ್ಣು ಮುಕ್ಕಾಲು ಮುಗಿದಿತ್ತು, ಬಲಗಣ್ಣಿನಲ್ಲಿ ಈಗ ಶುರುವಾಗಿತ್ತು. ಒಂದು ದಿನವೂ ನೋವಿಲ್ಲ, ಉರಿಯಿಲ್ಲ. ಕಳ್ಳ ಬಂದರೆ ನಾಯಿಯಾದರೂ ಬೊಗಳುತ್ತದೆ.

ಹನಿ ಔಷಧಿ ಬಿಟ್ಟೆವು. ಒಂದು ಬಾಟಲಿ ಎರಡಾಯಿತು, ಎರಡು ಮೂರಾಯಿತು, ಒತ್ತಡ ಇಳಿಯಲಿಲ್ಲ. ಆಗ ಡಾಕ್ಟರಮ್ಮ, "ಆಪರೇಷನ್ ಮಾಡೋಣ. ಬಲಗಣ್ಣಿನ ಬಿಳಿಭಾಗದಲ್ಲಿ, ರೆಪ್ಪೆ ಕೆಳಗೆ, ಸಣ್ಣ ದಾರಿ ಮಾಡಿ ನೀರು ಹೊರಗೆ ಹೋಗೋ ಹಾಗೆ ಮಾಡ್ತೀವಿ," ಎಂದರು.

ದಾರಿ ಎಂದರೆ ತೂತು. ಕೊಬ್ಬರಿಯವನ ಮುಂದೆ ತೂತಿನ ಮಾತು ಆಡಬಾರದು. ಮರದಿಂದ ಬಿದ್ದಾಗ ಕಲ್ಲಿಗೆ ತಾಗಿ ಕೂದಲೆಳೆಯಷ್ಟು ಸೀಳಿದರೂ ಸಾಕು, ಆ ಕಾಯಿ ಅಟ್ಟದಲ್ಲಿ ಕೊಳೆತು, ಮನೆಗೆಲ್ಲ ನಾತ ಹೊಡೆದು, ಪಕ್ಕದ ಕಾಯಿಗಳ ಮಾನವನ್ನೂ ಕಳೆಯುತ್ತದೆ. ನಮ್ಮಪ್ಪ, ನಮ್ಮಜ್ಜ ಎಲ್ಲರೂ ತೂತು ಬೀಳದ ಹಾಗೆ ಕಾಯುವುದನ್ನೇ ಬದುಕು ಎಂದುಕೊಂಡಿದ್ದವರು. ಹಾಗಾಗಿ ನಾನು ಬುದ್ಧಿವಂತನ ಹಾಗೆ ಕೇಳಿದೆ: "ಅಮ್ಮಾ, ಕಾಯೊಳಗಿನ ನೀರು ಮುಟ್ಟದೆ ಬಿಟ್ರೆ ತಾನೇ ಆರ್ತದೆ. ಇದನ್ನೂ ಒಂದು ವರ್ಷ ಬಿಟ್ಟು ನೋಡಿದ್ರೆ?"

ಆಕೆ ನಗಲಿಲ್ಲ. "ಕಿತ್ತ ಕಾಯಿ ಹೊಸ ನೀರು ಮಾಡಲ್ಲ ಯಜಮಾನರೇ. ಕಣ್ಣು ದಿನಾ ಮಾಡುತ್ತೆ. ಒಂದು ವರ್ಷ ಬಿಟ್ಟರೆ ಕಣ್ಣೇ ಇರಲ್ಲ."

ಆದರೂ ಆಪರೇಷನ್ ಬೇಡವೆಂದು ಊರಿಗೆ ಬಂದುಬಿಟ್ಟೆ. ಹೆದರಿದವನಿಗೆ ಸಲಹೆಗಾರರ ಬರವಿಲ್ಲ. ಪಕ್ಕದ ಹಟ್ಟಿಯ ಚಿತ್ತಯ್ಯ, ಕುರಿ ಮೇಯಿಸುತ್ತಾ ನನ್ನ ತೋಟದ ಬದುವಿನಲ್ಲಿ ಬೀಡಿ ಹಚ್ಚುವವನು, ಎಲ್ಲ ಕೇಳಿ, "ಬ್ಯಾಡ ಕಣ್ಲಾ. ಇರೋದೊಂದು ಕಣ್ಣು. ಅದಕ್ಕೂ ಚುಚ್ಚಿಸ್ಕಂಡು ಕುಂತ್ರೆ ನಿನ್ ಕೈ ಹಿಡ್ಕಂಡು ಓಡಾಡೋರು ಯಾರು? ಬುಡು ಅತ್ಲಾಗೆ," ಎಂದ. ಅವನ ಮಾತು ನನಗೆ ಬೆಲ್ಲದ ಹಾಗಿತ್ತು. ಹೆದರಿಕೆಯ ಗುಣವೇ ಅದು, ತನಗೆ ಬೇಕಾದ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ರಾತ್ರಿ ಮಲಗಿದರೆ ಮಾತ್ರ ಬೇರೆ ಲೆಕ್ಕ. ದೀಪ ಆರಿಸಿದ ಕೂಡಲೇ, ಇದು ದೀಪದ ಕತ್ತಲೋ ಕಣ್ಣಿನ ಕತ್ತಲೋ ಎಂದು ತಿಳಿಯುತ್ತಿರಲಿಲ್ಲ. ಎದ್ದು ಸ್ವಿಚ್ ಹಾಕಿ ನೋಡಿ ಮತ್ತೆ ಮಲಗುತ್ತಿದ್ದೆ.

ತೆಂಗಿನಕಾಯಿಗೆ ಮೂರು ಕಣ್ಣು. ಚಿಕ್ಕಂದಿನಲ್ಲಿ ನಮ್ಮಜ್ಜಿ ಅದನ್ನು ಶಿವನ ಗುರುತು ಎಂದು ತೋರಿಸಿ ಕೈಮುಗಿಸುತ್ತಿದ್ದಳು. ಆದರೆ ಶಿವನ ಮೂರೂ ಕಣ್ಣು ಕಾಣುತ್ತವೆ, ಕಾಯಿಯ ಎರಡು ಕಣ್ಣು ಗಟ್ಟಿ ಕುರುಡು. ಮೊಳಕೆ ಹೊರಗೆ ಬರುವುದು ಮೆತ್ತಗಿರುವ ಆ ಒಂದರಿಂದಲೇ. ಇಷ್ಟು ದೊಡ್ಡ ತೋಟವೆಲ್ಲ ಒಂಟಿ ಕಣ್ಣುಗಳಿಂದ ಹುಟ್ಟಿದ್ದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸಮಾಧಾನವಾಗಲಿಲ್ಲ. ಇದ್ದ ಆ ಒಂದಕ್ಕೂ ಏನಾದರೂ ಆದರೆ ಕಾಯಿ ಕಾಯಾಗಿಯೇ ಕೊಳೆಯುತ್ತದೆ.

ಕೊನೆಗೆ ಗಿರಿಜೆಯೇ ಇದನ್ನು ಮುಗಿಸಿದಳು. ಒಂದು ಬೆಳಗ್ಗೆ ಜಗಲಿಯ ಮೇಲೆ ಕೂತಿದ್ದೆ. ಎದುರಿಗೆ ಬಂದು ನಿಂತು ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಕೈಗೆ ಒಗ್ಗರಣೆಯ ವಾಸನೆಯಿತ್ತು.

"ಈಗ ನಾನೆಲ್ಲಿದೀನಿ, ಹೇಳಿ."

ಬೂದಿ ಬಣ್ಣ. ಮೂಲೆಯಲ್ಲಿ ಎಲ್ಲೋ ಒಂದು ಚೂರು ಬೆಳಕು. ಹೆಂಡತಿ ಇಲ್ಲ, ಅಂಗಳ ಇಲ್ಲ, ತೋಟ ಇಲ್ಲ.

"ಕಾಣ್ತಿಲ್ಲ ಕಣೇ," ಎಂದೆ.

"ಈ ಕಣ್ಣೂ ಹಿಂಗೇ ಆಗ್ಲಿ ಅಂತ ಕಾಯ್ತಾ ಕುಂತಿದೀರಲ್ಲ, ನನ್ ಗತಿ ಏನ್ರೀ?" ಎಂದಳು. ಅಂಗೈ ತೆಗೆದಾಗ ಅವಳು ಅಳುತ್ತಿದ್ದಳು. ಅದು ಕಂಡಿತು. ಮರುದಿನದ ಬಸ್ಸಿಗೆ ಹೊರಟೆವು.

ಆಪರೇಷನ್ನಿನ ಬಗ್ಗೆ ಧೈರ್ಯದ ಕಥೆ ಹೇಳಲು ನನ್ನಲ್ಲಿ ಏನೂ ಇಲ್ಲ. ಮುಖಕ್ಕೆ ಹಸಿರು ಬಟ್ಟೆ ಹೊದಿಸಿದರು. ಕಣ್ಣಿನ ಪಕ್ಕ ಸೂಜಿ ಹಾಕಿದರು. ಆಮೇಲೆ ನೋವು ಗೊತ್ತಾಗಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. "ಅಲ್ಲಾಡಬೇಡಿ ಯಜಮಾನರೇ, ಚೆನ್ನಾಗಿ ಆಗ್ತಿದೆ," ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಜೀವಮಾನವೆಲ್ಲ ಕಾಯಿ ಅಲ್ಲಾಡಿಸಿಕೊಂಡು ಬಂದವನು ಅಲ್ಲಿ ಉಸಿರನ್ನೂ ಅಲ್ಲಾಡಿಸದೆ ಮಲಗಿದ್ದೆ. ಹುಟ್ಟಿದಾಗಿನಿಂದ ಜಪಿಸಿದ ಪಂಚಾಕ್ಷರಿ ಅರ್ಧಕ್ಕೇ ಮರೆತುಹೋಯಿತು. ಬಾಯಿಗೆ ಬಂದದ್ದು "ಗಿರಿಜಾ, ಗಿರಿಜಾ" ಎಂದು. ಅದೂ ಶಿವನಿಗೆ ಹತ್ತಿರದ ಹೆಸರೇ ಅಲ್ಲವೇ, ನಡೆಯುತ್ತದೆ ಎಂದುಕೊಂಡೆ.

ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿದರು. ಮಂಜು. ಬೋರನಕಣಿವೆ ಜಲಾಶಯದ ನೀರಿನ ಮೇಲೆ ಮಾಗಿಯಲ್ಲಿ ಕೂರುವಂಥ ಮಂಜು. ಗೋಡೆ ಇದೆಯೋ ಇಲ್ಲವೋ ತಿಳಿಯದು. "ಗಿರಿಜಾ, ಎಲ್ಲಿದೀಯೇ?" ಎಂದು ಕೂಗಿಯೇಬಿಟ್ಟೆ.

"ಇಲ್ಲೇ ಇದೀನಲ್ರೀ," ಎಂದಳು, ಕಿವಿಯ ಹತ್ತಿರದಿಂದಲೇ.

ಅವಳು ನನ್ನ ಎಡಗಡೆ ನಿಂತಿದ್ದಳು. ಮದುವೆಯ ದಿನ ಹಿರಿಯರು ಅಲ್ಲಿ ನಿಲ್ಲಿಸಿದ್ದು, ಅಂದಿನಿಂದ ಅದೇ ಅವಳ ಜಾಗ. ಆ ಜಾಗ ನನ್ನ ಪಾಲಿಗೆ ಯಾವಾಗಲೋ ಆರಿಹೋಗಿತ್ತು. ಕೈ ಚಾಚಿ ತಡಕಾಡಿದೆ. ಅವಳಿಗೆ ಅರ್ಥವಾಯಿತು. ಮಂಚ ಸುತ್ತಿ ಬಲಗಡೆಗೆ ಬಂದಳು. ಮಂಜಿನೊಳಗೆ ಮೊದಲು ಅರಿಶಿನ ಬಣ್ಣದ ಸೀರೆ ಬಂತು, ಆಮೇಲೆ ಕೈ ಬಂತು, ಮುಖ ಮಾತ್ರ ಬರಲಿಲ್ಲ. ಸೀರೆ ಸಾಕು ಎನ್ನಿಸಿತು.

ಒತ್ತಡ ಇಳಿದಿತ್ತು. "ಕಳೆದುಹೋದ ನೋಟ ಬರಲ್ಲ. ಉಳಿದದ್ದನ್ನ ಉಳಿಸೋಕೆ ಇದು. ಬಗ್ಗಬೇಡಿ, ಭಾರ ಎತ್ತಬೇಡಿ, ತಪ್ಪದೆ ಬರ್ತಾ ಇರಿ. ಆ ದಾರಿ ಮತ್ತೆ ಮುಚ್ಚಿಕೊಂಡರೂ ಮುಚ್ಚಿಕೊಳ್ಳಬಹುದು," ಎಂದರು ಡಾಕ್ಟರಮ್ಮ. ತೂತು ಬೀಳುತ್ತದಲ್ಲ ಎಂದು ಹೆದರಿ ಸಾಯುತ್ತಿದ್ದವನು ಅಂದಿನಿಂದ ತೂತು ಮುಚ್ಚೀತಲ್ಲ ಎಂದು ಹೆದರತೊಡಗಿದೆ. ಊರಲ್ಲಿ ಎಲ್ಲರೂ ಇದನ್ನು ಪೊರೆ ತೆಗೆಸಿದ ಹಾಗೆಯೇ ಎಂದುಕೊಂಡಿದ್ದರು. ಚಿತ್ತಯ್ಯ ಬಂದವನೇ, "ಈಗ ಫಳಫಳ ಅಂತ ಕಾಣ್ತೈತಾ?" ಎಂದ. ಮೊದಲಿಗಿಂತ ಸ್ವಲ್ಪ ಮಬ್ಬು ಎಂದೆ. "ಹಂಗಾರೆ ಅಲ್ಲಿ ಏನ್ ಕಡ್ದು ಕಟ್ಟೆ ಹಾಕ್ಬಂದೆ?" ಎಂದು ಬೀಡಿ ಹಚ್ಚಿದ. ವಾರಗಳು ಕಳೆದ ಹಾಗೆ ಮಂಜು ಸರಿದು, ಗಿರಿಜೆಯ ಮೂಗುಬೊಟ್ಟು ತನ್ನ ಜಾಗಕ್ಕೆ ಬಂತು.

ಕಾರ್ತಿಕ ಸೋಮವಾರ ಈಶ್ವರನ ಗುಡಿಯಲ್ಲಿ ನಮ್ಮ ಮನೆಯ ಪೂಜೆ. ಆಶೀರ್ವಾದಕ್ಕೆ ನಿಂತಾಗ ಅಯ್ಯನವರು ಅಕ್ಷತೆ ಹಿಡಿದು ಹೇಳಿದರು: "ತಾಯಿ, ಅಲ್ಲಲ್ಲ, ಎಡಕ್ಕೆ ಬನ್ನಿ."

ಗಿರಿಜೆ ಕದಲಲಿಲ್ಲ. "ಆ ಕಡೆ ನಿಂತ್ರೆ ಇವರ ಪಾಲಿಗೆ ನಾನು ಇಲ್ಲ ಕಣ್ರೀ ಅಯ್ನೋರೆ. ಶಿವ ಏನೂ ಅಂದ್ಕಳಲ್ಲ. ಇಲ್ಲೇ ಹಾಕಿ."

ಅಯ್ಯನವರು ಅವಳು ನಿಂತಲ್ಲಿಗೇ ಅಕ್ಷತೆ ಹಾಕಿದರು. ಅವಳ ತಲೆಯ ಮೇಲೆ ಬಿದ್ದ ಕಾಳು ಕಾಣುತ್ತಿವೆಯೇ ಎಂದು ನಾನು ಎಡಗಣ್ಣು ಮುಚ್ಚಿ ನೋಡಿದೆ.

"ನೋಡಿ ಅಯ್ನೋರೆ," ಎಂದಳು ಗಿರಿಜೆ, "ಗುಡೀಲೂ ಬುಡಲ್ಲ ಇವರು."

ಎರಡೂ ಭುಜ ಕಂಡವು. ಇವತ್ತಿನ ಮಟ್ಟಿಗೆ.