ಮಲ್ಲಪ್ಪನ ಮೂರು ಕುರ್ಕಿ

ಫೆಲೋಶಿಪ್ ಸಿಕ್ಕಿ, ಹೈದರಾಬಾದಿನ ದಾಖಲೆ ಕಚೇರಿಯೊಂದರಲ್ಲಿ ಲಿಂಗಸುಗೂರು ಕಡೆಯ, ನಿಜಾಮರ ಕಾಲದ ಉರ್ದು ಜಮೀನು ಕಾಗದ ಓದುತ್ತಿದ್ದೆ. ಒಂದರಲ್ಲಿ "ಮಲ್ಲಪ್ಪನ ಹೊಲ ಮೂರು ಕುರ್ಕಿ" ಎಂದಿತ್ತು. ಕುರ್ಕಿ ಎಂದರೆ ಉರ್ದುವಿನಲ್ಲಿ ಜಪ್ತಿ; ಕಾಗುಣಿತ ಸ್ವಲ್ಪ ಬೇರೆಯಿದ್ದದ್ದು ಬರೆದ ಗುಮಾಸ್ತನ ತಪ್ಪೆಂದುಕೊಂಡೆ. ಪಾಪ, ಮಲ್ಲಪ್ಪನ ಹೊಲ ಮೂರು ಸಲ ಜಪ್ತಿಯಾಯಿತೆಂದು ಮೈಸೂರು ಕಡೆಯವನಾದ ನಾನು ಒಂದು ಅಧ್ಯಾಯವನ್ನೇ ಬರೆದುಬಿಟ್ಟಿದ್ದೆ. ಮರುದಿನ ಅದನ್ನು ಗೈಡಿಗೆ ಕಳಿಸಬೇಕಿತ್ತು. ಆ ಸಾಲನ್ನು ಕೊನೆಯ ಸಲ ಗಟ್ಟಿಯಾಗಿ ಓದುತ್ತಿದ್ದಾಗ, ನೆಲ ಒರೆಸುವ ಮಹಾದೇವಮ್ಮ "ಕಾಲು ಎತ್ರಿ ಸರ್" ಅಂದರು. ಎತ್ತಿದೆ.

"ಅದು ಕುರ್ಕಿ ಅಲ್ರಿ, ಕೂರ್ಗಿ ಇರಬೇಕು. ನಮ್ಮ ಲಿಂಗಸುಗೂರು ಕಡೆ ಹೊಲ ಕೂರ್ಗಿ ಲೆಕ್ಕದಾಗ ಹೇಳ್ತೀವ್ರಿ. ಒಂದಿನ ಕೂರಿಗಿ ಹೂಡಿ ಬಿತ್ತೋವಷ್ಟು ಹೊಲಕ್ಕ ಒಂದು ಕೂರ್ಗಿ."

ಭೂತಗನ್ನಡಿ ಹಿಡಿದು ನೋಡಿದೆ. ಆ ಗುಮಾಸ್ತನ ಕೈಬರಹದಲ್ಲಿ ಕ, ಗ ಎರಡೂ ಒಂದೇ ಥರ ಇದ್ದವು.

"ಹಾಗಾದರೆ ಅವನ ಹೊಲ ಹೋಗಲಿಲ್ಲವೇ?"

"ಎಲ್ಲಿಗೆ ಹೋಗ್ತೈತ್ರಿ?"

ಅಧ್ಯಾಯ ಹೋಯಿತು, ಮಾನ ಉಳಿಯಿತು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಮಹಾದೇವಮ್ಮನವರದು. ಅವರು ಯಾವ ಯೂನಿವರ್ಸಿಟಿಯವರು ಎಂದು ಓದಿದವರು ಕೇಳುತ್ತಾರೆ. ಲಿಂಗಸುಗೂರು ಅಂದರೆ, "ಅಲ್ಲೂ ಒಂದು ಶುರುವಾಯಿತೇ?" ಎನ್ನುತ್ತಾರೆ.

ಹೂಂ, ಹಳೇದೇ, ಅನ್ನುತ್ತೇನೆ.