ಕಿವಿಗೆ ಎಟುಕದ ಕೈ

ಮುಳಬಾಗಿಲಿನ ಹಾಕಿ ತಂಡಕ್ಕೆ ಗೋಲ್‌ಕೀಪರ್ ಕಾಲಿಗೆ ಕಟ್ಟಿಕೊಳ್ಳುವ ಪ್ಯಾಡುಗಳು ಇದ್ದದ್ದು ಒಂದೇ ಜೊತೆ. ಆ ಜೊತೆ ಇದ್ದದ್ದು ಗಂಗುಲಪ್ಪನ ಮನೆಯ ಅಟ್ಟದ ಮೇಲೆ. ಹಾಗಾಗಿ ಗೋಲಿನಲ್ಲಿ ಯಾರು ನಿಲ್ಲಬೇಕೆಂಬ ಪ್ರಶ್ನೆ ಹದಿನೈದು ವರ್ಷಗಳಿಂದ ಯಾರಿಗೂ ಹೊಳೆದಿರಲಿಲ್ಲ. ಗಂಗುಲಪ್ಪ ಬೈರಕೂರಿನ ಕಡೆಯವನು, ತಾಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಅವನ ಮೇಜನ್ನು ದಾಟಿ ಒಂದು ಅರ್ಜಿ ಮುಂದೆ ಹೋಗುವುದು ಎಷ್ಟು ಕಷ್ಟವೋ, ಮೈದಾನದಲ್ಲಿ ಅವನನ್ನು ದಾಟಿ ಚೆಂಡು ಒಳಗೆ ಹೋಗುವುದೂ ಅಷ್ಟೇ ಕಷ್ಟ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಿದ್ದರು.

ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಆ ಪ್ರಶ್ನೆ ಹೊಳೆಯಿತು. ಹೊಳೆದದ್ದು ಕಂಪ್ಯೂಟರಿಗೆ.

ತಂಡದ ನಾಯಕ ಮಾಧವ್ ಬ್ಯಾಂಕಿನಲ್ಲಿದ್ದ. ಬ್ಯಾಂಕಿಗೆ ಕಂಪ್ಯೂಟರು ಬಂದಂದಿನಿಂದ ಮನುಷ್ಯರ ಮಾತಿನಲ್ಲಿ ಅವನಿಗೆ ನಂಬಿಕೆ ಕಡಿಮೆಯಾಗಿತ್ತು. ಬಸ್ ನಿಲ್ದಾಣದ ಹಿಂದೆ ಸುಮೇಧಾ ಎಂಬ ಹುಡುಗಿ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಹಾಕಿ ಆಟದ ಸೀಡಿಯೊಂದು ಇತ್ತು. ಅದು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಹಾಕಿ. ನಮ್ಮದು ಕೆಮ್ಮಣ್ಣಿನ ಮೇಲೆ ಜಾರಿ ಮಂಡಿ ತರಚಿಕೊಳ್ಳುವ ಹಾಕಿ. ಇಷ್ಟು ಸಣ್ಣ ವ್ಯತ್ಯಾಸ ಮಾಧವನಿಗೆ ದೊಡ್ಡದೆನಿಸಲಿಲ್ಲ. ಆ ಆಟದಲ್ಲಿ ನಮಗೆ ಬೇಕಾದ ಆಟಗಾರರನ್ನು ಹೆಸರು, ವಯಸ್ಸು ಕೊಟ್ಟು ಹುಟ್ಟಿಸಬಹುದಿತ್ತು. ಒಂದು ಗುಂಡಿ ಒತ್ತಿದರೆ ಒಂದು ವರ್ಷ ಕಳೆಯುತ್ತಿತ್ತು; ಹುಡುಗರ ಅಂಕ ಏರುತ್ತಿತ್ತು, ವಯಸ್ಸಾದವರದು ಇಳಿಯುತ್ತಿತ್ತು. ಮಾಧವ್ ಇಡೀ ತಂಡವನ್ನು ಅದರೊಳಗೆ ಹುಟ್ಟಿಸಿ, ಜಿಲ್ಲಾ ಕಪ್ಪಿನ ಫೈನಲ್ ಪಂದ್ಯಕ್ಕೆ ವಾರ ಮುಂಚೆ ಎಲ್ಲರನ್ನೂ ಸೆಂಟರಿಗೆ ಕರೆದ.

"ಒಂದು ವರ್ಷ ಓಡಿಸಮ್ಮ," ಎಂದ.

ಸುಮೇಧಾ ಗುಂಡಿ ಒತ್ತಿದಳು. ಗಂಗುಲಪ್ಪನ ಹೆಸರಿನ ಮುಂದಿನ ಅಂಕಗಳೆಲ್ಲ ಒಟ್ಟಿಗೆ ದಬದಬನೆ ಕೆಳಗಿಳಿದವು. ಎರಡನೆಯ ಗೋಲ್‌ಕೀಪರ್ ನಂದಕುಮಾರನ ಅಂಕಗಳು ಮೇಲೇರಿದವು.

"ನೋಡಿ ಗಂಗುಲಪ್ಪ, ನಾನು ಹೇಳ್ತಿಲ್ಲ, ಸಿಸ್ಟಮ್ ಹೇಳ್ತಿದೆ. ಭಾನುವಾರ ಕೋಲಾರದಲ್ಲಿ ಮಾಲೂರಿನ ಮೇಲೆ ನಂದ ನಿಲ್ತಾನೆ."

ಗಂಗುಲಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ. "ಇದಕ್ಕೆ ನನ್ನ ಮಂಡಿ ವಿಷಯ ಹೆಂಗೆ ಗೊತ್ತಾಯ್ತಮ್ಮ?"

"ಗೊತ್ತಿಲ್ಲ ಅಂಕಲ್. ನೀವು ಮೂವತ್ತಾರು ಅಂದ್ರಲ್ಲ, ಮೂವತ್ತೈದು ದಾಟಿದೋರಿಗೆಲ್ಲ ಹಿಂಗೇ ಇಳಿಸುತ್ತೆ."

"ಕಾಲು ಇಳೀಲಿ, ಒಪ್ತೀನಿ. ಬಾಲು ಎಲ್ಲಿಗೆ ಬರುತ್ತೆ ಅಂತ ಗೊತ್ತಾಗೋದು ಯಾಕೆ ಇಳೀಬೇಕು? ಅದು ಏರಬೇಕಲ್ವಾ?"

"ಈ ಆಟದಲ್ಲಿ ಎಲ್ಲಾ ಒಟ್ಟಿಗೇ ಇಳಿಯೋದು."

"ಸರಿ, ಇವನದು ಯಾಕೆ ಏರ್ತು? ಮೂರು ವರ್ಷದಿಂದ ಬೆಂಚಲ್ಲಿ ಕೂತು ಕಡ್ಲೆಕಾಯಿ ಸುಲೀತಿದಾನೆ. ಕೂತೋನಿಗೆ ಆಟ ಬರೋದು ಯಾವ ಲೋಕದಲ್ಲಿ?"

ನಂದಕುಮಾರ ತಲೆ ತಗ್ಗಿಸಿಕೊಂಡೇ, "ನೀನು ಜಾಗ ಬಿಟ್ಟಿದ್ರೆ ತಾನೇ ಅಣ್ಣ ನಾನು ನಿಲ್ಲೋದು," ಎಂದ.

ಗಂಗುಲಪ್ಪ ಬೇರೆ ದಾರಿ ಹಿಡಿದ. "ಮೂವತ್ತಾರು ಅನ್ನೋದು ಮೇಷ್ಟ್ರು ಬರೆದಿದ್ದು. ನಮ್ಮೂರಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿರೋದು, ಇಸ್ಕೂಲು ಶುರುವಾಗೋ ದಿನ. ಬೇಗ ಸೇರಿಸ್ಕೊಳ್ಳೋಕೆ ಎರಡು ವರ್ಷ ಜಾಸ್ತಿ ಬರೆದವ್ರೆ. ನನಗೆ ಮೂವತ್ನಾಲ್ಕೇ. ಬೇಕಾದ್ರೆ ಅಮ್ಮನ್ನ ಕೇಳ್ಕೊಂಡು ಬರ್ತೀನಿ."

"ನಮ್ಮನೇಲಿ ಎಲ್ಲರಿಗೂ ಜಾತಕ ಇದೆ, ಈ ತಾಪತ್ರಯ ಇಲ್ಲ," ಎಂದು ಮಾಧವ್ ಗಂಟಲು ಸರಿಮಾಡಿಕೊಂಡ. "ಆಗಲಿ, ಕೇಳ್ಕೊಂಡು ಬನ್ನಿ. ಮೂವತ್ತೈದರ ಒಳಗಿದ್ರೆ ನೀವೇ ನಿಲ್ಲಿ. ಅಲ್ಲದಿದ್ರೆ ಪ್ಯಾಡು ಅಟ್ಟದಿಂದ ಇಳೀಬೇಕು."

ಗಂಗುಲಪ್ಪ ಬೈರಕೂರಿನ ಬಸ್ಸು ಹತ್ತಿದ. ತಾಯಿ ಕದಿರಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಅಮ್ಮಾ, ನನ್ನ ಇಸ್ಕೂಲಿಗೆ ಸೇರಿಸಿದಾಗ ನಂಗೆಷ್ಟು ವಯಸ್ಸು? ನಾಲ್ಕಾ?"

ಕದಿರಮ್ಮ ಬಾಯಿ ತುಂಬ ನಕ್ಕಳು. "ನಾಲ್ಕಾ? ಎವರು ಚೆಪ್ಪಿಂದಿ ನಾಯನಾ, ಯಾರೋ ನಿಂಗೆ ಹೇಳಿದ್ದು? ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದ್ರೆ ಆರು ವರ್ಷ ಅಂತ ಮೇಷ್ಟ್ರ ಲೆಕ್ಕ. ನಿಂದು ಮೋಟುಗೈ. ವರ್ಷ ವರ್ಷ ಕರ್ಕೊಂಡು ಹೋದೆ, ವರ್ಷ ವರ್ಷ ಎಟುಕಲಿಲ್ಲ. ಕಡೇಗೆ ಒಂದು ದಿನ ಬೆರಳ ತುದಿ ತಾಕ್ತು. ಅವತ್ತಿಗೆ ನಿಂಗೆ ಒಂಬತ್ತು ತುಂಬಿತ್ತು ಕಣೋ. ಮೇಷ್ಟ್ರು ಆರು ಅಂತ ಬರ್ಕೊಂಡ್ರು."

ಮೂವತ್ತಾರನ್ನು ಮೂವತ್ನಾಲ್ಕು ಮಾಡಿಸಲು ಬಂದವನು ಮೂವತ್ತೊಂಬತ್ತಾಗಿ ಜಗುಲಿಯಿಂದ ಇಳಿದ.

ಶನಿವಾರ ಸೆಂಟರಿನಲ್ಲಿ ತಂಡವೆಲ್ಲ ಕಾದಿತ್ತು. "ಅಮ್ಮ ಏನಂದ್ರು ಅಂಕಲ್?" ಎಂದು ಸುಮೇಧಾ ಕೇಳಿದಳು. ಅವಳ ಬೆರಳು ಗುಂಡಿಗಳ ಮೇಲಿತ್ತು. ಗಂಗುಲಪ್ಪ ಒಮ್ಮೆ ನಂದನ ಕಡೆ ನೋಡಿದ, ಒಮ್ಮೆ ಗೋಡೆಯ ಕಡೆ ನೋಡಿದ.

"ಮೂವತ್ನಾಲ್ಕು," ಎಂದ.

ಪರದೆಯ ಮೇಲೆ ಅವನ ಯೌವನ ಮರಳಿತು. ಮಾಧವ್ ಸಿಸ್ಟಮ್ಮಿಗೆ ತಲೆಬಾಗಿದ. ನಂದ ಸೈಕಲ್ ಹತ್ತಿ ಹೋದ.

ಭಾನುವಾರ ಕೋಲಾರದ ಮೈದಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಾಲೂರಿನ ಹತ್ತನೆಯ ನಂಬರಿನ ಆಟಗಾರ ಪೆನಾಲ್ಟಿ ಕಾರ್ನರಿನಲ್ಲಿ ಹೊಡೆಯುವ ಮುಂಚೆ ನಾಲಗೆ ಕಚ್ಚುತ್ತಾನೆ. ಯಾವ ಕಡೆ ಕಚ್ಚಿದನೋ ಅದರ ಎದುರು ಮೂಲೆಗೆ ಚೆಂಡು. ಜಿಲ್ಲೆಯಲ್ಲಿ ಇದು ಗೊತ್ತಿದ್ದದ್ದು ಗಂಗುಲಪ್ಪನೊಬ್ಬನಿಗೇ. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಮಾಲೂರಿಗೆ ಕಾರ್ನರ್ ಸಿಕ್ಕಿತು. ನಾಲಗೆ ಕಂಡಿತು. ಮೂಲೆ ಗೊತ್ತಾಯಿತು. ಗಂಗುಲಪ್ಪ ಸರಿಯಾದ ಕಡೆಗೇ ಹಾರಿದ, ಕೈ ಚಾಚಿದ. ಚೆಂಡು ಅವನ ಬೆರಳಿನಿಂದ ಗೇಣು ಆಚೆ ಹಾದು ಗೋಲಿನೊಳಗಿನ ಹಲಗೆಗೆ ಬಡಿಯಿತು.

ನೆಲದ ಮೇಲೆ ಮಲಗಿದ್ದವನಿಗೆ ಕೇಳಿಸಿದ್ದು ಮಾಲೂರಿನವರ ಕೇಕೆಯಲ್ಲ, ಹುಣಸೆಹಣ್ಣು ಬಿಡಿಸುತ್ತಿದ್ದ ತಾಯಿಯ ಮಾತು.

ಅರ್ಧ ಸಮಯದಲ್ಲಿ ಅವನು ಕೂತು ಪ್ಯಾಡು ಬಿಚ್ಚತೊಡಗಿದ. ಬಕಲುಗಳು ಎಂದೋ ಕಿತ್ತುಹೋಗಿ ಸೈಕಲ್ ಟ್ಯೂಬಿನಿಂದ ಬಿಗಿದಿದ್ದ ಗಂಟುಗಳು, ಬೇಗ ಬಿಚ್ಚಿಕೊಳ್ಳುವುದಿಲ್ಲ.

"ಏಟಾಯ್ತಾ?" ಎಂದು ಮಾಧವ್ ಓಡಿಬಂದ.

"ಇಲ್ಲ ಸಾರ್, ಮೂವತ್ತೊಂಬತ್ತಾಯ್ತು. ಲೇ ನಂದ, ಕಾಲು ಚಾಚೋ."

ಅಂಪೈರ್ ಸೀಟಿ ಊದಿದ. ಒಂದು ಕಾಲಿನ ಗಂಟು ಇನ್ನೂ ಬಿದ್ದಿರಲಿಲ್ಲ. ಗಂಗುಲಪ್ಪ ಹಲ್ಲಿನಿಂದ ಟ್ಯೂಬು ಎಳೆದು ಬಿಗಿಯುತ್ತಲೇ ಹೇಳಿದ: "ಹತ್ತನೇ ನಂಬರಿನೋನ ಕೈ ನೋಡಬೇಡ, ಸ್ಟಿಕ್ಕು ನೋಡಬೇಡ. ನಾಲಗೆ ನೋಡು. ಕಚ್ಚಿದ್ದರ ಎದುರು ಕಡೆಗೆ ಬಿದ್ಕೋ."

"ಇದನ್ನ ಮೂರು ವರ್ಷದ ಹಿಂದೆ ಹೇಳಿದ್ರೆ ಏನಾಗ್ತಿತ್ತಣ್ಣ?"

"ನನ್ನ ಜಾಗದಲ್ಲಿ ನೀನು ನಿಂತ್ಕೊಂಡಿರ್ತಿದ್ದೆ. ಏಳೋ, ಸೀಟಿ ಊದ್ತಾವ್ರೆ."

ಮುಳಬಾಗಿಲು ಹೇಗೋ ಒಂದು ಗೋಲು ಹೊಡೆದು ಸಮ ಮಾಡಿಕೊಂಡಿತು. ಆಟ ಮುಗಿಯುವ ಹೊತ್ತಿಗೆ ಮಾಲೂರಿಗೆ ಮತ್ತೊಂದು ಕಾರ್ನರ್. ಗಂಗುಲಪ್ಪ ಗೋಲಿನ ಬಲೆಯ ಹಿಂದೆ ನಿಂತಿದ್ದ. ನಾಲಗೆ ಅವನಿಗೆ ಕಂಡಿತು. ಕೂಗುವಂತಿಲ್ಲ, ಕೂಗಿದರೆ ಹತ್ತನೆಯ ನಂಬರಿನವನಿಗೂ ಕೇಳಿಸುತ್ತದೆ. ತನ್ನ ನಾಲಗೆಯನ್ನೇ ಕಚ್ಚಿಕೊಂಡು ನಿಂತ. ನಂದ ಕ್ಷಣ ತಡವರಿಸಿದ, ಮೂಟೆ ಉರುಳಿದಂತೆ ಎಡಕ್ಕೆ ಬಿದ್ದ. ಚೆಂಡು ಅವನ ಬೆರಳಿಗೆ ತಾಗಿ, ಪ್ಯಾಡಿಗೆ ಬಡಿದು, ಕಂಬದ ಹೊರಗೆ ಹೋಯಿತು. ಪಂದ್ಯ ಸಮ. ಕಪ್ಪು ಆರು ತಿಂಗಳು ಮುಳಬಾಗಿಲಿನಲ್ಲಿ, ಆರು ತಿಂಗಳು ಮಾಲೂರಿನಲ್ಲಿ ಎಂದು ತೀರ್ಮಾನವಾಯಿತು.

ಮರುದಿನ ಸಂಜೆ ಮಾಧವನೂ ತಂಡದವರೂ ಸೇರಿದ್ದ ಸೆಂಟರಿಗೆ ಗಂಗುಲಪ್ಪ ಪ್ಯಾಡುಗಳ ಸಮೇತ ಬಂದು, "ಮೂವತ್ತೊಂಬತ್ತು ಹಾಕಿ ಓಡಿಸಮ್ಮ," ಎಂದ. ಗುಂಡಿ ಒತ್ತಿದೊಡನೆ ಅವನ ಹೆಸರು ಪರದೆಯಿಂದ ಮಾಯವಾಯಿತು.

"ನಿವೃತ್ತಿ ಕೊಟ್ಟುಬಿಡ್ತು ಅಂಕಲ್. ಗೋಲಿನ ಹಿಂದೆ ನಿಲ್ಲೋರಿಗೆ ಇದರಲ್ಲಿ ಜಾಗ ಇಲ್ಲ."

"ಇರಲಿ ಬಿಡು. ನಮ್ಮ ಕ್ಯಾಪ್ಟನ್ ಸಾರ್ ವಯಸ್ಸು ಎಷ್ಟಂತ ಹಾಕಿದಾರೆ ನೋಡು."

ಸುಮೇಧಾ ಪರದೆ ನೋಡಿ, ಮಾಧವನನ್ನು ನೋಡಿ, ಮತ್ತೆ ಪರದೆ ನೋಡಿದಳು. "ಇಪ್ಪತ್ತೇಳು."

ಮಾಧವನ ಮಗ ಆಗಲೇ ಹೈಸ್ಕೂಲಿನಲ್ಲಿದ್ದ. ತಂಡವೆಲ್ಲ ಮಾಧವನ ಕಡೆ ತಿರುಗಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಜಾತಕ ನೋಡ್ಬೇಕು. ಅಮ್ಮನ ಪೆಟ್ಟಿಗೇಲಿದೆ. ಬೀಗದ ಕೈ ಎಲ್ಲೋ ಕಳೆದಿದೆ."

"ನಿಧಾನವಾಗಿ ಹುಡುಕಿ ಸಾರ್," ಎಂದ ಗಂಗುಲಪ್ಪ, ಪ್ಯಾಡುಗಳನ್ನು ಬಾಗಿಲಲ್ಲೇ ನಿಲ್ಲಿಸಿದ್ದ ನಂದನ ಸೈಕಲ್ಲಿನ ಕ್ಯಾರಿಯರಿಗೆ ಬಿಗಿಯುತ್ತ. "ಗೋಲಿನ ಹಿಂದೆ ಇಬ್ಬರು ನಿಲ್ಲೋಷ್ಟು ಜಾಗ ಇದೆ."